ಒಂದೇ ಬೋರ್ಡು, ಎರಡು ರುಚಿ: ಶಾಖೆಗಳ ನಡುವಿನ ಗುಣಮಟ್ಟದ ದೋಷ ಹುಡುಕುವ ಕೈಪಿಡಿ

ದೂರು ಬರುವುದು ಹೆಚ್ಚುಕಮ್ಮಿ ಒಂದೇ ಮಾತಿನಲ್ಲಿ: "ಆ ಬ್ರಾಂಚ್‌ನಲ್ಲಿ ಚೆನ್ನಾಗಿರತ್ತೆ, ಈ ಬ್ರಾಂಚ್‌ನಲ್ಲಿ ಬಾಯಿಗಿಡೋಕಾಗಲ್ಲ." ಬೋರ್ಡು ಒಂದೇ, ಮೆನು ಒಂದೇ, ಸಾಮಾನು ಬರುವ ಗೋದಾಮು ಒಂದೇ, ಗೋಡೆಗೆ ಅಂಟಿಸಿದ ಚಾರ್ಟೂ ಒಂದೇ. ಆದರೂ ಒಂದು ಕಡೆ ಫ್ರೈಸ್ ಗರಿಗರಿ, ಇನ್ನೊಂದು ಕಡೆ ಬಾಡಿದ ಸೊಪ್ಪಿನ ದಂಟು. ದೂರು ಮೇಲಿನವರಿಗೆ ತಲುಪಿದ ಕೂಡಲೇ ಹೊರಡುವ ಆದೇಶವೂ ಒಂದೇ: "ಸ್ಟಾಫ್‌ಗೆ ಇನ್ನೊಂದ್ಸಲ ಟ್ರೈನಿಂಗ್ ಕೊಡಿ." ಹಲವು ವರ್ಷ ಈ ಕೆಲಸ ಮಾಡಿದ ಮೇಲೆ ನನಗನ್ನಿಸಿದ್ದು, ಟ್ರೈನಿಂಗ್ ಎನ್ನುವುದು ಕಾಯಿಲೆ ಗೊತ್ತಾಗದಾಗ ಬರೆದುಕೊಡುವ ಮಾತ್ರೆ. ಎರಡು ವಾರ ಎಲ್ಲರೂ ಹುಷಾರಾಗಿರುತ್ತಾರೆ, ಮೂರನೇ ವಾರ ಹಳೇ ದೂರು ಬಾಗಿಲು ತಟ್ಟುತ್ತದೆ.

ಕಾಯಿಲೆ ಹುಡುಕಲು ಬೇಕಾಗುವ ಸಾಮಾನು ಕಡಿಮೆ: ನಂಬಬಹುದಾದ ಒಂದು ಪ್ರೋಬ್ ಥರ್ಮಾಮೀಟರ್ (ಆಹಾರದೊಳಗೆ ಚುಚ್ಚಿ ಬಿಸಿ ಅಳೆಯುವ ಕಡ್ಡಿ ಇರುವಂಥದ್ದು), ಗ್ರಾಂ ಲೆಕ್ಕದಲ್ಲಿ ತೂಗುವ ತಕ್ಕಡಿ, ಗಡಿಯಾರ, ನೋಟ್‌ಬುಕ್. ಥರ್ಮಾಮೀಟರ್ ಒಂದೇ ಇರಲಿ, ಅದನ್ನೇ ಎರಡೂ ಶಾಖೆಗೆ ಒಯ್ಯಿರಿ. ಆಯಾ ಶಾಖೆಯ ಥರ್ಮಾಮೀಟರ್ ನಂಬಿ ಅಳೆದರೆ ಆಹಾರದ ವ್ಯತ್ಯಾಸ ಯಾವುದು, ಥರ್ಮಾಮೀಟರಿನ ವ್ಯತ್ಯಾಸ ಯಾವುದು ಎಂದು ಕೊನೆಗೂ ಗೊತ್ತಾಗುವುದಿಲ್ಲ. ಹೊರಡುವ ಮುಂಚೆ ಪುಡಿ ಮಾಡಿದ ಐಸಿಗೆ ಸ್ವಲ್ಪ ನೀರು ಬೆರೆಸಿ, ಕಲಕಿ, ಅದರಲ್ಲಿ ಪ್ರೋಬ್ ಇಡಿ. 0 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಕುದಿಯುವ ನೀರಲ್ಲಿ 100 ಬರಬೇಕೆಂದು ಹಟ ಹಿಡಿಯಬೇಡಿ. ಸಮುದ್ರ ಮಟ್ಟದಿಂದ ಸುಮಾರು 300 ಮೀಟರ್ ಏರಿದಂತೆಲ್ಲ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ. 900 ಮೀಟರ್ ಎತ್ತರದಲ್ಲಿ 97 ತೋರಿಸಿದರೆ ಅದೇ ಸರಿ.

ಇದು ಶಾಖೆಯ ದೋಷವೋ, ಗಂಟೆಯ ದೋಷವೋ?

ಮೊದಲು ಇದು ಇತ್ಯರ್ಥವಾಗಬೇಕು, ಹೆಚ್ಚಿನವರು ಹಾರಿಸಿಬಿಡುವುದೂ ಇದನ್ನೇ. ಗಿರಾಕಿಯೊಬ್ಬರು ತಮ್ಮ ಆಫೀಸಿನ ಹತ್ತಿರದ ಶಾಖೆಗೆ ಮಧ್ಯಾಹ್ನ ಒಂದಕ್ಕೆ ಹೋಗುತ್ತಾರೆ, ಮನೆ ಹತ್ತಿರದ ಶಾಖೆಗೆ ಸಂಜೆ ನಾಲ್ಕಕ್ಕೆ. ಅವರ ಪಾಲಿಗೆ ಅದು ಎರಡು ಶಾಖೆಗಳ ವ್ಯತ್ಯಾಸ. ನಮ್ಮ ಪಾಲಿಗೆ ಅದು ರಶ್ ಇರುವ ಹೊತ್ತು ಮತ್ತು ಇಲ್ಲದ ಹೊತ್ತಿನ ವ್ಯತ್ಯಾಸವೂ ಆಗಿರಬಹುದು. ಒಂದು ಗಂಟೆಗೆ ಫ್ರೈಯರಿನಿಂದ ಎತ್ತಿದ್ದು ನೇರ ಗಿರಾಕಿಯ ಕೈಗೆ ಹೋಗುತ್ತದೆ. ನಾಲ್ಕು ಗಂಟೆಗೆ, ಕರಿದದ್ದನ್ನು ಬೆಚ್ಚಗಿಡುವ ಬಿಸಿದೀಪದ ಕೆಳಗೆ ಕೂತು ಗಿರಾಕಿಗೆ ಕಾಯುತ್ತದೆ.

ಹಾಗಾಗಿ ಗುರುತು ಹೇಳಿಕೊಳ್ಳದೆ ಕೊಳ್ಳಿ. ಎರಡೂ ಶಾಖೆಯಲ್ಲಿ ಅದೇ ಐಟಂ, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ದಿನ. ಆರ್ಡರ್ ಕೊಟ್ಟ ನಿಮಿಷ, ಕೈಗೆ ಬಂದ ನಿಮಿಷ, ತೂಕ, ಒಳಗಿನ ಬಿಸಿ, ಕಣ್ಣಿಗೆ ಕಂಡ ಬಣ್ಣ, ಇಷ್ಟನ್ನು ಬರೆಯಿರಿ. ಅನ್ನ ಬೆಂದಿದೆಯೋ ಎಂದು ಒಂದಗುಳು ಹಿಚುಕಿ ನೋಡಿದರೆ ಸಾಕು ಅನ್ನುವ ಲೆಕ್ಕ ಇಲ್ಲಿ ನಡೆಯದು. ಪಾತ್ರೆಯ ಅನ್ನವೆಲ್ಲ ಒಂದೇ ಬೆಂಕಿಯ ಮೇಲೆ ಒಂದೇ ಹೊತ್ತು ಬೆಂದಿರುತ್ತದೆ. ಇಲ್ಲಿ ಪ್ರತಿ ಬುಟ್ಟಿಯದೂ ಬೇರೆ ಬೇಯುವಿಕೆ.

ಒಂಬತ್ತೊಂಬತ್ತು ಸಾಲು ಸೇರಿದ ಮೇಲೆ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ದೂರು ಬಂದ ಶಾಖೆಯ ಅಂಕಿಗಳೇ 78, 51, 74, 49 ಡಿಗ್ರಿ ಎಂದು ಜಿಗಿದಾಡುತ್ತಿದ್ದು ಒಳ್ಳೆಯ ಶಾಖೆಯಲ್ಲೂ ಹಾಗೇ ಇದ್ದರೆ, ನೀವು ಹುಡುಕಬೇಕಾದದ್ದು ಗಂಟೆಯನ್ನು. ಒಂದು ಶಾಖೆಯ ಅಂಕಿಗಳೆಲ್ಲ ಒಟ್ಟಾಗಿ ಕೆಳಗಿದ್ದರೆ ಮಾತ್ರ ಅದು ಶಾಖೆಯ ದೋಷ. ಇನ್ನೊಂದು ವಿಷಯ: ದೂರು ಕೊಟ್ಟವರು ಅಂಗಡಿಯಲ್ಲೇ ಕೂತು ತಿಂದರೋ, ಮನೆಗೆ ತರಿಸಿಕೊಂಡರೋ? ಮುಚ್ಚಿದ ಡಬ್ಬಿಯೊಳಗೆ ಬಿಸಿ ಫ್ರೈಸ್ ಬಿಡುವ ಹಬೆಯೇ ಅದನ್ನು ಮೆತ್ತಗೆ ಮಾಡಲು ಸಾಕು. ದೂರುಗಳೆಲ್ಲ ಡೆಲಿವರಿಯದ್ದೇ ಆಗಿದ್ದರೆ ಅಡುಗೆಮನೆಗೆ ನುಗ್ಗುವ ಬದಲು ಪ್ಯಾಕಿಂಗ್ ಟೇಬಲ್ಲಿನ ಹತ್ತಿರ ನಿಲ್ಲಿ: ಡಬ್ಬಿಗೆ ಗಾಳಿಯ ತೂತುಗಳಿವೆಯೇ, ಪ್ಯಾಕ್ ಆದದ್ದು ಎಷ್ಟು ಹೊತ್ತು ಹಾಗೇ ಕೂರುತ್ತಿದೆ, ತಂಪು ಪಾನೀಯ ಮತ್ತು ಬಿಸಿ ಡಬ್ಬಿ ಒಂದೇ ಚೀಲದಲ್ಲಿವೆಯೇ.

ಹಳೆಯದೊಂದು ಪ್ರಕರಣ

ಈ ದೋಷ ಚೈನ್ ವ್ಯವಹಾರದಷ್ಟೇ ಹಳೆಯದು. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಮ್ಯಾಕ್‌ಡೊನಾಲ್ಡ್ ಸಹೋದರರ ಅಂಗಡಿಯ ಫ್ರೈಸ್ ರುಚಿಗೆ ಮರುಳಾದ ರೇ ಕ್ರಾಕ್ (ಮುಂದೆ ಮ್ಯಾಕ್‌ಡೊನಾಲ್ಡ್ಸ್ ಚೈನನ್ನು ಬೆಳೆಸಿದಾತ), 1955ರಲ್ಲಿ ಶಿಕಾಗೋ ಬಳಿಯ ಡೆಸ್ ಪ್ಲೇನ್ಸ್‌ನಲ್ಲಿ ತನ್ನ ಶಾಖೆ ತೆರೆದ. ಆಲೂಗಡ್ಡೆ ಸುಲಿಯುವುದು, ತೊಳೆಯುವುದು, ಕರಿಯುವುದು, ಎಲ್ಲವನ್ನೂ ಸಹೋದರರು ಮಾಡುತ್ತಿದ್ದಂತೆಯೇ ಚಾಚೂ ತಪ್ಪದೆ ಮಾಡಿಸಿದ. ಆದರೂ ಫ್ರೈಸ್‌ಗೆ ಆ ರುಚಿ ಬರಲಿಲ್ಲ. ಕೊನೆಗೆ ಸಿಕ್ಕ ಕಾರಣ ಒಲೆಯ ಹತ್ತಿರ ಇರಲೇ ಇಲ್ಲ. ಸಹೋದರರು ಆಲೂಗಡ್ಡೆಯನ್ನು ನೆರಳಲ್ಲಿ, ತಂತಿಬಲೆಯ ತೊಟ್ಟಿಗಳಲ್ಲಿ ಇಡುತ್ತಿದ್ದರು. ಮರುಭೂಮಿಯ ಒಣಗಾಳಿ ಆಡಿ ಅದು ಹದಕ್ಕೆ ಬರುತ್ತಿತ್ತು, ಒಳಗಿನ ಸಕ್ಕರೆ ಪಿಷ್ಟವಾಗುತ್ತಿತ್ತು. ಕ್ರಾಕ್‌ನ ಆಲೂಗಡ್ಡೆ ನೆಲಮಾಳಿಗೆಯಲ್ಲಿತ್ತು. ಅಲ್ಲಿ ಫ್ಯಾನ್ ಹಾಕಿ ಗಾಳಿ ಆಡಿಸಿದ ಮೇಲೆ ರುಚಿ ದಾರಿಗೆ ಬಂತು.

ಆ ಗಾಳಿ ಸಹೋದರರ ವಿಧಾನದ ಭಾಗವಾಗಿತ್ತು. ಆದರೆ ಅದನ್ನು ಯಾರೂ ಬರೆದಿಟ್ಟಿರಲಿಲ್ಲ, ಏಕೆಂದರೆ ಅದನ್ನು ಯಾರೂ ಮಾಡುತ್ತಿರಲಿಲ್ಲ, ಅದು ತಾನಾಗಿಯೇ ಬೀಸುತ್ತಿತ್ತು. ಕೆಟ್ಟ ಶಾಖೆಯಲ್ಲಿ ಏನು ತಪ್ಪುತ್ತಿದೆ ಎಂದು ಕೇಳುವಷ್ಟೇ ಗಟ್ಟಿಯಾಗಿ, ಒಳ್ಳೆಯ ಶಾಖೆಯಲ್ಲಿ ಯಾರಿಗೂ ಗೊತ್ತಿಲ್ಲದೆ ಏನು ಸರಿಯಾಗುತ್ತಿದೆ ಎಂದು ಕೇಳಿ. ನಾನು ತನಿಖೆಗೆ ಹೊರಟಾಗ ಮೊದಲ ದಿನ ಕಳೆಯುವುದು ಒಳ್ಳೆಯ ಶಾಖೆಯಲ್ಲೇ.

ಅದಲುಬದಲು ಪರೀಕ್ಷೆ

ಶಾಖೆಯ ದೋಷವೇ ಎಂದು ಖಚಿತವಾದ ಮೇಲೆ ಚೆಕ್‌ಲಿಸ್ಟ್ ಹಿಡಿದು ನೂರೆಂಟು ಕಾಲಂ ತುಂಬಿಸುವ ಬದಲು ಮೂರು ಅದಲುಬದಲು ಮಾಡಿ. ಒಮ್ಮೆಗೆ ಒಂದೇ.

ಮೊದಲು ಮಾಲು. ಒಳ್ಳೆಯ ಶಾಖೆಯ ಫ್ರೀಜರಿನಿಂದ ಬಿಚ್ಚದ ಒಂದು ಬಾಕ್ಸ್ ತೆಗೆದು, ಕರಗದಂತೆ ಸಾಗಿಸಿ, ಕೆಟ್ಟ ಶಾಖೆಯ ಅದೇ ಫ್ರೈಯರಿನಲ್ಲಿ ಅದೇ ಹುಡುಗನ ಕೈಯಲ್ಲಿ ಕರಿಸಿ. ಕೆಟ್ಟ ಶಾಖೆಯ ಬಾಕ್ಸನ್ನು ಒಳ್ಳೆಯ ಕಡೆಗೂ ಒಯ್ಯಿರಿ. ದೋಷ ಬಾಕ್ಸಿನ ಜತೆ ಪ್ರಯಾಣ ಮಾಡಿದರೆ ಮಾಲಿನ ದೋಷ.

ಆಮೇಲೆ ಕೈ. ಎರಡೂ ಕಡೆಯ ಫ್ರೈಯರ್ ಅಥವಾ ಗ್ರಿಲ್ ನೋಡಿಕೊಳ್ಳುವವರನ್ನು ಒಂದು ಶಿಫ್ಟ್ ಮಟ್ಟಿಗೆ ಬದಲಾಯಿಸಿ. ಇದನ್ನು ಪರೀಕ್ಷೆ ಎನ್ನಬೇಡಿ, ಆ ಕಡೆ ಕೈ ಸಾಲದು ಎಂದು ಕಳಿಸಿ. ಪರೀಕ್ಷೆ ಎಂದರೆ ಯಾರೇ ಆದರೂ ಅಂದು ಮಾತ್ರ ಚಾರ್ಟ್ ನೋಡಿಕೊಂಡು ಕೆಲಸ ಮಾಡುತ್ತಾರೆ.

ಮಾಲು ಬದಲಾಯಿಸಿದರೂ ಕೈ ಬದಲಾಯಿಸಿದರೂ ದೋಷ ಅಲ್ಲೇ ಕೂತಿದ್ದರೆ ಉಳಿಯುವುದು ಯಂತ್ರ ಮತ್ತು ಜಾಗ. ಫ್ರೈಯರನ್ನು ಹೊತ್ತೊಯ್ಯಲಾಗದು, ಆದರೆ ಅದರ ಎಣ್ಣೆಯನ್ನು ಬದಲಾಯಿಸಬಹುದು, ಪಕ್ಕದ ತೊಟ್ಟಿಯಲ್ಲಿ ಕರಿಯಬಹುದು, ರಶ್ ಇಲ್ಲದ ಹೊತ್ತಲ್ಲಿ ಕರಿದು ನೋಡಬಹುದು. ಮೂರನೆಯದು ಅಂಥದ್ದು.

ಎರಡು ದಿನದ ಕೆಲಸ, ಅಷ್ಟೆ. ಆದರೂ ಯಾರೂ ಮಾಡುವುದಿಲ್ಲ, ಮೀಟಿಂಗ್ ಕರೆಯುತ್ತಾರೆ.

ಯಂತ್ರ: ಫ್ರೈಯರಿನಲ್ಲಿ ಹೆಚ್ಚು ಹೊತ್ತು ನಿಲ್ಲಿ

ಫ್ರೈಯರಿನ ಡಿಸ್‌ಪ್ಲೇ ಮೇಲೆ 175 ಎಂದಿದ್ದರೆ ಅದು ಎಣ್ಣೆಯ ಬಿಸಿಯಲ್ಲ, ಸೆನ್ಸರಿಗೆ ಅನ್ನಿಸಿದ ಬಿಸಿ. ಸೆನ್ಸರಿನ ಮೇಲೆ ಕರಿ ಕಟ್ಟಿಕೊಂಡಿದ್ದರೆ ಅದಕ್ಕೆ ಬಿಸಿ ತಡವಾಗಿ ತಟ್ಟುತ್ತದೆ. ಎಣ್ಣೆ ಒಮ್ಮೆ ಮಿತಿಮೀರಿ ಕಾಯುತ್ತದೆ, ಒಮ್ಮೆ ಮಿತಿಮೀರಿ ಆರುತ್ತದೆ. ನಿಮ್ಮ ಪ್ರೋಬನ್ನು ಎಣ್ಣೆಯ ನಡುಮಟ್ಟಕ್ಕೆ ಇಳಿಸಿ ಹತ್ತು ನಿಮಿಷ, ನಿಮಿಷಕ್ಕೊಂದು ಅಂಕಿ ಬರೆಯಿರಿ. ಏರಿಳಿತದ ಗೆರೆ ಕಾಣಿಸುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಎಣ್ಣೆ ಚೇತರಿಸಿಕೊಳ್ಳುವ ವೇಗ. ಮೈನಸ್ 18 ಡಿಗ್ರಿಯ ಫ್ರೈಸ್ ಬಿದ್ದ ಕೂಡಲೇ ಎಣ್ಣೆಯ ಬಿಸಿ ಕುಸಿಯುತ್ತದೆ. ಎಷ್ಟು ಕುಸಿಯಿತು, ಎಷ್ಟು ಸೆಕೆಂಡಿನಲ್ಲಿ ಮತ್ತೆ ಏರಿತು ಎಂಬುದರ ಮೇಲೆ ಗರಿಗರಿ ನಿಂತಿದೆ. ಏರಲು ತಡವಾದರೆ ಹೊರಪದರ ಬಿಗಿಯುವುದೂ ತಡ; ಫ್ರೈಸ್ ಮೆತ್ತಗೆ, ಮೇಲೆಲ್ಲ ಎಣ್ಣೆ. ಕ್ರಾಕ್‌ನ ಕಂಪನಿಯಲ್ಲಿ ಲೂಯಿಸ್ ಮಾರ್ಟಿನೋ ಎಂಬ ಎಂಜಿನಿಯರ್ ಕಂಡುಕೊಂಡದ್ದು ಇದನ್ನೇ: ತಣ್ಣಗಿನ ಆಲೂಗಡ್ಡೆ ಬಿದ್ದು ಎಣ್ಣೆ ಎಷ್ಟಕ್ಕೇ ಇಳಿದಿರಲಿ, ಆ ತಳದಿಂದ ಮೂರು ಡಿಗ್ರಿ ಫ್ಯಾರನ್‌ಹೀಟ್ ಮೇಲೇರಿದ ಗಳಿಗೆಯಲ್ಲಿ ಫ್ರೈಸ್ ಬೆಂದಿರುತ್ತಿತ್ತು. ಅಂದರೆ ಗೋಡೆಯ ಗಡಿಯಾರಕ್ಕಿಂತ ಎಣ್ಣೆಯನ್ನೇ ಕೇಳುವುದು ಲೇಸು. ಈಗಿನ ಹಲವು ಫ್ರೈಯರುಗಳ ಟೈಮರ್ ಎಣ್ಣೆಯ ಬಿಸಿ ನೋಡಿ ತಾನೇ ಸಮಯ ಹೊಂದಿಸಿಕೊಳ್ಳುತ್ತದೆ. ಆ ಸೌಲಭ್ಯ ಒಂದು ಶಾಖೆಯಲ್ಲಿ ಆನ್ ಇದ್ದು ಇನ್ನೊಂದರಲ್ಲಿ ಆಫ್ ಆಗಿರುವುದನ್ನು ನಾನೇ ನೋಡಿದ್ದೇನೆ.

ಚೇತರಿಕೆ ನಿಧಾನವಾಗಲು ಸಾಮಾನ್ಯ ಕಾರಣ ಬುಟ್ಟಿಗೆ ಅತಿಯಾಗಿ ತುಂಬುವುದು. ಅರ್ಧ ಬುಟ್ಟಿ ದಾಟಿದರೆ ಅನುಮಾನಪಡಿ. ಅದಲ್ಲದಿದ್ದರೆ ಶಕ್ತಿಯ ಕೊರತೆ ನೋಡಿ. ಗ್ಯಾಸ್ ಫ್ರೈಯರ್ ಆದರೆ ಎಲ್ಲ ಬರ್ನರುಗಳೂ ಒಟ್ಟಿಗೆ ಉರಿಯುವ ಹೊತ್ತಲ್ಲಿ ಗ್ಯಾಸಿನ ಒತ್ತಡ ಅಳೆಸಿ. ವಿದ್ಯುತ್ತಿನದಾದರೆ ವೋಲ್ಟೇಜ್.

ಒಂದು ಶಾಖೆಯಲ್ಲಿ ಸಂಜೆ ಏಳರ ನಂತರ ಮಾತ್ರ ಫ್ರೈಸ್ ಸೋತುಹೋಗುತ್ತಿತ್ತು. ಮ್ಯಾನೇಜರ್ ಸಂಜೆ ಶಿಫ್ಟಿನ ಹುಡುಗನ ಕಡೆ ಬೆರಳು ತೋರಿಸಿದರು. ಹುಡುಗ ಹೊಸಬ ಬೇರೆ. ಬಾಕ್ಸ್ ಬದಲಾಯಿಸಿದೆವು, ಏನೂ ಬದಲಾಗಲಿಲ್ಲ. ಒಳ್ಳೆಯ ಶಾಖೆಯ ಪಳಗಿದ ಕೈಯನ್ನು ಕರೆಸಿದೆವು. ಅವಳ ಕೈಯಲ್ಲೂ ಅದೇ ಬಾಡಿದ ಫ್ರೈಸ್. "ಸರ್, ಎಣ್ಣೆ ಏಳ್ತಾನೇ ಇಲ್ಲ" ಅಂದಳು. ಅಳೆದರೆ ನಾಲ್ಕು ಗಂಟೆಗೆ ಸಲೀಸಾಗಿ ಚೇತರಿಸಿಕೊಳ್ಳುತ್ತಿದ್ದ ಎಣ್ಣೆ ಏಳಕ್ಕೆ ಕುಸಿದಲ್ಲೇ ತೆವಳುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಮೀಟರ್ ಹಿಡಿದಾಗ 230 ಇರಬೇಕಾದ ವೋಲ್ಟೇಜ್ 205ಕ್ಕೆ ಇಳಿದಿತ್ತು. ಹೀಟರಿನ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣ. ಹಾಗಾಗಿ ಶೇ 11ರಷ್ಟು ವೋಲ್ಟೇಜ್ ಇಳಿದರೆ ಶಾಖ ಶೇ 20ರಷ್ಟು ಇಳಿಯುತ್ತದೆ. ಗಿರಾಕಿಗಳು ಕೂರುವ ಜಾಗಕ್ಕೆ ಹೊಸದಾಗಿ ಹಾಕಿದ್ದ ಎ.ಸಿ.ಗಳನ್ನು ಅದೇ ಲೈನಿಗೆ ಜೋಡಿಸಿದ್ದರು. ಆ ಹುಡುಗನಿಗೆ ಅಷ್ಟರಲ್ಲಿ ಎರಡು ಸಲ ಟ್ರೈನಿಂಗ್ ಆಗಿತ್ತು.

ಎಣ್ಣೆಯ ವಯಸ್ಸು ಬೇರೆಯದೇ ಕಥೆ. ವ್ಯಾಪಾರ ಕಡಿಮೆ ಇರುವ ಶಾಖೆಯ ಎಣ್ಣೆ ಬೇಗ ಹಾಳಾಗುತ್ತದೆ ಎಂದರೆ ಹಲವರು ನಂಬುವುದಿಲ್ಲ. ಜೋರಾಗಿ ನಡೆಯುವ ಶಾಖೆಯಲ್ಲಿ ಆಹಾರವೇ ಎಣ್ಣೆಯನ್ನು ಹೀರಿ ಹೊರಗೊಯ್ಯುತ್ತದೆ, ಆ ಜಾಗಕ್ಕೆ ದಿನವೂ ಹೊಸ ಎಣ್ಣೆ ಬೀಳುತ್ತದೆ. ಖಾಲಿ ಹೊಡೆಯುವ ಶಾಖೆಯಲ್ಲಿ ಅದೇ ಎಣ್ಣೆ ಗಾಳಿಗೆ ಮೈಯೊಡ್ಡಿ ದಿನವಿಡೀ ಕಾಯುತ್ತಿರುತ್ತದೆ. ಆದ್ದರಿಂದ ಎರಡೂ ಶಾಖೆಗೆ "ಇಷ್ಟು ದಿನಕ್ಕೊಮ್ಮೆ ಎಣ್ಣೆ ಬದಲಿಸಿ" ಎಂಬ ಒಂದೇ ನಿಯಮ ಕೊಟ್ಟರೆ ಎರಡು ಗುಣಮಟ್ಟ ಬರುವುದು ಖಂಡಿತ. ದಿನ ಎಣಿಸುವ ಬದಲು ಎಣ್ಣೆಯನ್ನು ಅಳೆಯಿರಿ. ಎಣ್ಣೆ ಒಡೆದಂತೆ ಹೆಚ್ಚುವ ಪೋಲಾರ್ ಸಂಯುಕ್ತಗಳಿಗೆ ಹಲವು ದೇಶಗಳ ಕಾನೂನು ಶೇ 25ರ ಆಸುಪಾಸಿನಲ್ಲಿ ಗೆರೆ ಎಳೆದಿದೆ. ಅದನ್ನು ಅಳೆಯುವ ಮೀಟರ್, ಟೆಸ್ಟ್ ಸ್ಟ್ರಿಪ್ ಸಿಗುತ್ತವೆ. ಹೊಸ ಎಣ್ಣೆಯಲ್ಲಿ ಕರಿದ ಮೊದಲ ಕೆಲವು ಬುಟ್ಟಿ ಬಿಳಿಚಿಕೊಂಡಿದ್ದರೆ ಗಾಬರಿ ಬೇಡ, ಎಣ್ಣೆ ಸ್ವಲ್ಪ ಪಳಗಿದ ಮೇಲೆಯೇ ಬಣ್ಣ ಹಿಡಿಯುವುದು.

ಎಣ್ಣೆ ನೊರೆ ಕಾರುತ್ತಿದ್ದರೆ ಕೇಳಬೇಕಾದ ಪ್ರಶ್ನೆ: ತೊಟ್ಟಿ ತೊಳೆದದ್ದು ಯಾವಾಗ, ಸೋಪು ಪೂರ್ತಿ ಹೋಗುವಂತೆ ತೊಳೆದಿರಾ? ಬೇಗ ಕಪ್ಪಾಗುತ್ತಿದ್ದರೆ: ಉಪ್ಪನ್ನು ಎಲ್ಲಿ ನಿಂತು ಉದುರಿಸುತ್ತೀರಿ? ಬುಟ್ಟಿಯನ್ನು ಎಣ್ಣೆಯ ಮೇಲೇ ಹಿಡಿದು ಉಪ್ಪು ಹಾಕುವ ಚಾಳಿ ಇದ್ದರೆ ಉಪ್ಪೂ ಪುಡಿಯೂ ನೇರ ತೊಟ್ಟಿಗೆ ಬೀಳುತ್ತವೆ. ದಿನಕ್ಕೊಮ್ಮೆಯಾದರೂ ಎಣ್ಣೆ ಸೋಸುತ್ತಾರೋ ಇಲ್ಲವೋ ಎಂಬುದನ್ನು ರಿಜಿಸ್ಟರಿಗಿಂತ ಫಿಲ್ಟರ್ ಪೇಪರಿನ ಸ್ಟಾಕ್ ಚೆನ್ನಾಗಿ ಹೇಳುತ್ತದೆ.

ಗ್ರಿಲ್ ವಿಷಯ ಇಷ್ಟು ಉದ್ದವಿಲ್ಲ. ತಟ್ಟೆಯ ಐದಾರು ಕಡೆ ಬಿಸಿ ಅಳೆಯಿರಿ; ಒಂದು ಮೂಲೆ ತಣ್ಣಗಿದ್ದರೆ ಕರಿ ಕಟ್ಟಿದೆ ಅಥವಾ ಕೆಳಗಿನ ಹೀಟರ್ ಸತ್ತಿದೆ. ಮೇಲಿಂದಲೂ ಒತ್ತುವ ಗ್ರಿಲ್ ಆದರೆ ಎರಡು ತಟ್ಟೆಗಳ ನಡುವಿನ ಅಂತರ ನೋಡಿ. ಪ್ಯಾಟಿಯ ನಡುಭಾಗ ಬೆಂದಿಲ್ಲ ಎಂದು ಕಂಡುಬಂದರೆ ಅದು ಗುಣಮಟ್ಟದ ಪ್ರಶ್ನೆಯಲ್ಲ. ಆ ಗ್ರಿಲ್ಲನ್ನು ಆ ಕ್ಷಣವೇ ನಿಲ್ಲಿಸಿ, ಉಳಿದ ತನಿಖೆ ಆಮೇಲೆ. ಬನ್ ಒದ್ದೆಯಾಗಿ ಕುಸಿಯುತ್ತಿದ್ದರೆ ಸಾಸನ್ನು ಬೈಯುವ ಮುಂಚೆ ಟೋಸ್ಟರ್ ನೋಡಿ: ಒಳಮೈ ಸರಿಯಾಗಿ ಸುಟ್ಟ ಬನ್ ಸಾಸನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಸುಡದ ಬನ್ ಕುಡಿದುಬಿಡುತ್ತದೆ.

ಪಾನೀಯ ಸಪ್ಪೆ ಎಂಬ ದೂರಿಗೆ ಸಿರಪ್ ಮತ್ತು ನೀರಿನ ಅನುಪಾತ ಅಳೆಯಿರಿ. ಐದು ಪಾಲು ನೀರಿಗೆ ಒಂದು ಪಾಲು ಸಿರಪ್ ಎಂಬುದು ಸಾಮಾನ್ಯ ಲೆಕ್ಕ. ಗ್ಯಾಸ್ ಇಲ್ಲ ಎಂಬ ದೂರಿಗೆ ಸಿಲಿಂಡರಿಗಿಂತ ಮುಂಚೆ ನೀರಿನ ತಂಪು ನೋಡಿ. 20 ಡಿಗ್ರಿಯ ನೀರು ಹಿಡಿದಿಟ್ಟುಕೊಳ್ಳುವ ಕಾರ್ಬನ್ ಡೈಆಕ್ಸೈಡ್, 0 ಡಿಗ್ರಿಯ ನೀರಿನ ಸುಮಾರು ಅರ್ಧ ಮಾತ್ರ.

ಮಾಲು: ಲಾರಿಯ ಕೊನೆಯ ನಿಲ್ದಾಣ

"ಇಬ್ಬರಿಗೂ ಒಂದೇ ಗೋದಾಮಿನಿಂದ ಬರುತ್ತೆ" ಎಂಬ ಮಾತಿಗೆ ನಾನು ಅರ್ಧ ಮಾರ್ಕು ಕೊಡುತ್ತೇನೆ. ಲಾರಿ ಯಾವ ಕ್ರಮದಲ್ಲಿ ಬರುತ್ತದೆ? ಕೊನೆಯ ಶಾಖೆ ತಲುಪುವ ಹೊತ್ತಿಗೆ ಅದರ ಬಾಗಿಲು ಎಷ್ಟು ಸಲ ತೆರೆದು ಮುಚ್ಚಿರುತ್ತದೆ? ಇಳಿಸಿದ ಬಾಕ್ಸುಗಳು ಹಿಂಬಾಗಿಲಲ್ಲಿ ಎಷ್ಟು ಹೊತ್ತು ಕೂರುತ್ತವೆ? ಮಾಲು ಬರುವ ಹೊತ್ತು ಮಧ್ಯಾಹ್ನದ ರಶ್‌ಗೆ ತಾಗಿಕೊಂಡಿದ್ದರೆ ಒಳಗಿಡುವ ಕೈ ಯಾರದೂ ಬಿಡುವಾಗಿರುವುದಿಲ್ಲ. ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಫ್ರೈಸನ್ನು ಗುರುತಿಸುವುದು ಸುಲಭ: ಚೀಲದೊಳಗೆ ಹಿಮದ ಪುಡಿ, ತುಂಡುಗಳು ಒಂದಕ್ಕೊಂದು ಅಂಟಿದ ಗಂಟು, ಎಣ್ಣೆಗೆ ಬಿದ್ದಾಗ ಅತಿಯಾದ ಸಿಡಿತ. ಫ್ರೀಜರಿನ ಬಾಗಿಲ ರಬ್ಬರ್ ಹರಿದಿದ್ದರೂ ಇದೇ ಲಕ್ಷಣ.

ಫ್ರೈಸ್ ಒಂದು ಕಡೆ ಕಪ್ಪು, ಒಂದು ಕಡೆ ಹೊಂಬಣ್ಣ ಎಂದಾದರೆ ಎಣ್ಣೆಗಿಂತ ಮುಂಚೆ ಬಾಕ್ಸಿನ ಲಾಟ್ ನಂಬರ್ ಹೋಲಿಸಿ. ತುಂಬ ತಣ್ಣಗೆ ಇಟ್ಟ ಆಲೂಗಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗುತ್ತದೆ. ಸಕ್ಕರೆ ಹೆಚ್ಚಿದಷ್ಟೂ ಕರಿದಾಗ ಕಪ್ಪು. ನಿಧಾನಕ್ಕೆ ಮಾರುವ ಶಾಖೆ ಹಳೇ ಲಾಟನ್ನೇ ಇನ್ನೂ ಕರಿಯುತ್ತಿರಬಹುದು.

ಮಾಲೀಕರೇ ನಡೆಸುವ ಶಾಖೆಯಾದರೆ ಇನ್ನೊಂದು ಸಾಧ್ಯತೆ ಇದೆ, ಹೇಳಲು ಮುಜುಗರ. ಹೊರಗಿನಿಂದ ಅಗ್ಗದ ಎಣ್ಣೆ, ಅಗ್ಗದ ಚೀಸ್ ತರುವುದು. ಕೇಳಿದರೆ ಯಾರೂ ಒಪ್ಪುವುದಿಲ್ಲ. ಗೋದಾಮಿನಿಂದ ಹೋದ ಎಣ್ಣೆಯ ಲೆಕ್ಕವನ್ನು ಮಾರಿದ ಫ್ರೈಸಿನ ಲೆಕ್ಕದ ಪಕ್ಕ ಇಡಿ. ಮಾರಾಟ ಹೆಚ್ಚಿದ್ದೂ ಎಣ್ಣೆ ಖರೀದಿ ಇಳಿದಿದ್ದರೆ ಒಂದೋ ಎಣ್ಣೆ ಬದಲಿಸುತ್ತಿಲ್ಲ, ಇಲ್ಲವೋ ಬೇರೆಲ್ಲಿಂದಲೋ ಬರುತ್ತಿದೆ.

ಕೈ, ಮತ್ತು ಕೈಯನ್ನು ಆಡಿಸುವ ಲೆಕ್ಕ

ಕೈಯ ದೋಷ ಎಂದು ಸಾಬೀತಾದ ಮೇಲೂ ಆ ಕೈ ಯಾಕೆ ಹಾಗೆ ಆಡುತ್ತಿದೆ ಎಂದು ಒಂದು ಮೆಟ್ಟಿಲು ಕೆಳಗಿಳಿದು ನೋಡಬೇಕು. ಅಳತೆಯ ಸ್ಕೂಪ್ ಮುರಿದು ಚಮಚದಲ್ಲಿ ಅಂದಾಜು ಹಾಕುತ್ತಿರಬಹುದು. ಗೋಡೆಯ ಚಾರ್ಟ್ ಹಿಂದಿನ ರೆಸಿಪಿಯದ್ದಾಗಿರಬಹುದು. ಕೆಳಗೆ ಮೂಲೆಯಲ್ಲಿರುವ ತಾರೀಕು ಓದಿ. ಇವೆಲ್ಲ ಒಂದು ಗಂಟೆಯಲ್ಲಿ ಸರಿಹೋಗುವಂಥವು.

ಸರಿಹೋಗದ್ದು ಬಿಸಾಡಿದ ಮಾಲಿನ ಲೆಕ್ಕ. ಕರಿದ ಫ್ರೈಸಿಗೆ ಕೆಲವೇ ನಿಮಿಷದ ಆಯಸ್ಸು. ಏಳು ನಿಮಿಷ ಎಂಬುದು ದೊಡ್ಡ ಚೈನುಗಳಲ್ಲಿ ಕೇಳಿಬರುವ ಅಂಕಿ. ಅದು ಮೀರಿದರೆ ಬಿಸಾಡಬೇಕೆಂದು ಕೈಪಿಡಿ ಹೇಳುತ್ತದೆ. ಅದೇ ಹೊತ್ತಿಗೆ ಮ್ಯಾನೇಜರಿನ ತಿಂಗಳ ಬೋನಸ್ಸು ಬಿಸಾಡಿದ್ದು ಕಡಿಮೆ ಇರಬೇಕು ಅನ್ನುತ್ತದೆ. ಎರಡು ಯಜಮಾನರಿಗೂ ನಡೆದುಕೊಳ್ಳಲಾಗದೆ ಮ್ಯಾನೇಜರ್ ಬೋನಸ್ಸಿನ ಮಾತು ಕೇಳುತ್ತಾರೆ. ಟೈಮರ್ ಕೂಗುತ್ತದೆ, ಯಾರೋ ಗುಂಡಿ ಒತ್ತಿ ಮತ್ತೆ ಶುರು ಮಾಡುತ್ತಾರೆ. ವ್ಯಾಪಾರ ಜೋರಾಗಿರುವ ಶಾಖೆಗೆ ಈ ಇಕ್ಕಟ್ಟು ಬರುವುದೇ ಅಪರೂಪ. ವ್ಯಾಪಾರ ಕಡಿಮೆ ಇದ್ದಲ್ಲಿ ಪ್ರತಿ ಮಧ್ಯಾಹ್ನವೂ ಬರುತ್ತದೆ. ಎರಡಕ್ಕೂ ಒಂದೇ ಶೇಕಡಾವಾರು ಗುರಿ ಕೊಟ್ಟವರು ಮೇಲಿನ ಆಫೀಸಿನವರು. ಬಿಸಾಡಿದ ರಿಜಿಸ್ಟರಿನಲ್ಲಿ ಸೊನ್ನೆಗಳ ಸಾಲು ಕಂಡರೆ ಕೆಲವರು ಮೆಚ್ಚಿ ತಲೆದೂಗುತ್ತಾರೆ. ನಾನು ನೇರ ಬಿಸಿದೀಪದ ಕೆಳಗಿನ ತಟ್ಟೆಗೆ ಪ್ರೋಬ್ ಚುಚ್ಚುತ್ತೇನೆ.

ರಿಜಿಸ್ಟರ್ ಅಂದಾಗ ನೆನಪಾಯಿತು. ಫ್ರಿಜ್ಜಿನ ಬಿಸಿ ಮೂವತ್ತು ದಿನವೂ ಸರಿಯಾಗಿ 4.0 ಎಂದಿದ್ದು, ಎಲ್ಲವೂ ಒಂದೇ ಪೆನ್ನಿನ ಒಂದೇ ಓರೆಯಲ್ಲಿದ್ದರೆ ಅದು ತಿಂಗಳ ಕೊನೆಯ ದಿನ ಕೂತು ಬರೆದದ್ದು. ಬೈಯುವ ಮೊದಲು ಆ ಶಾಖೆಯ ಥರ್ಮಾಮೀಟರ್ ತೋರಿಸಿ ಎಂದು ಕೇಳಿ. ಬ್ಯಾಟರಿ ಸತ್ತು ಎಷ್ಟು ದಿನವಾಯಿತೋ. ತಂಪಾಗಿರಬೇಕಾದ್ದು 5 ಡಿಗ್ರಿಗಿಂತ ಕೆಳಗೆ, ಬಿಸಿಯಾಗಿರಬೇಕಾದ್ದು 60ಕ್ಕಿಂತ ಮೇಲೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಆ ಎರಡರ ನಡುವೆ ಆಹಾರ ಕೂತಿರುವುದು ಕಂಡರೆ ಅಂದಿನ ತನಿಖೆ ಅಲ್ಲಿಗೆ ನಿಲ್ಲಲಿ, ಮೊದಲು ಅದನ್ನು ಎತ್ತಿಸಿ.

ಸರಿಪಡಿಸಿದ ಮೇಲೆ

ಒಂದು ಕಾರಣ ಸಿಕ್ಕಿದರೆ ಅದೊಂದನ್ನೇ ಸರಿಪಡಿಸಿ, ಬೇರೇನನ್ನೂ ಮುಟ್ಟದೆ ಮತ್ತೆ ಒಂಬತ್ತು ಸಾಲು ಬರೆಯಿರಿ. ಎಣ್ಣೆ ಬದಲಿಸಿ, ಸೆನ್ಸರ್ ಉಜ್ಜಿ, ಹುಡುಗನನ್ನೂ ಬದಲಿಸಿ ಆಮೇಲೆ ರುಚಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ನಿಮಗೆ ಗೊತ್ತಾಗದು. ಮುಂದಿನ ಶಾಖೆಯಲ್ಲಿ ಅದೇ ದೋಷ ಬಂದಾಗ ಮತ್ತೆ ಮೂರನ್ನೂ ಮಾಡಬೇಕಾಗುತ್ತದೆ, ಹುಡುಗನ ಕೆಲಸವೂ ಹೋಗಿರುತ್ತದೆ.

ಹತ್ತು ದಿನ ಬಿಟ್ಟು, ಹೇಳದೆ, ದೂರು ಬರುತ್ತಿದ್ದ ಅದೇ ಹೊತ್ತಿಗೆ ಹೋಗಿ. ಕೌಂಟರಿನಲ್ಲಿ ಮುಖ ಪರಿಚಯವಾಗಿಬಿಟ್ಟಿದ್ದರೆ ಬೇರೆಯವರನ್ನು ಕಳಿಸಿ, ಥರ್ಮಾಮೀಟರ್ ಮಾತ್ರ ನಿಮ್ಮದೇ ಕೊಟ್ಟು ಕಳಿಸಿ.